ಜಗಲಿಯ ಮಾತು ಯಾರ ಕಿವಿಗೆ?

ನವೆಂಬರ್ ಹೊತ್ತಿಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಅಡಿಕೆ ಮನೆಗಳಲ್ಲಿ ಕೊಯ್ಲು ಜೋರಾಗುತ್ತದೆ. ರಾತ್ರಿಯೆಲ್ಲ ಸುಲಿತ, ಒಲೆಯ ಮೇಲೆ ಹಂಡೆ, ಚಪ್ಪರದ ತುಂಬ ಬೇಯಿಸಿ ಹರಡಿದ ಅಡಿಕೆ. ಕ್ವಿಂಟಲಿಗೆ ಹತ್ತಾರು ಸಾವಿರ ಬಾಳುವ ಮಾಲು ಬಯಲಲ್ಲಿ ಬಿದ್ದಿರುವಾಗ ಕಳ್ಳರ ಭಯ ಇದ್ದೇ ಇರುತ್ತದೆ. ಮೊದಲು ಮನೆಯ ಗಂಡಸರು ಸರದಿಯ ಮೇಲೆ ಅಂಗಳದಲ್ಲಿ ಮಲಗಿ ಕಾಯುತ್ತಿದ್ದರು. ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೆ ಆ ಕೆಲಸಕ್ಕೆ ಜನವಿಲ್ಲ. ಹಾಗಾಗಿ ಕ್ಯಾಮೆರಾ ಬಂತು. ಪೇಟೆಯ ಅಂಗಡಿಯ ಹುಡುಗ ಬೈಕಿನಲ್ಲಿ ಬಂದು ಜಗಲಿಯ ಮೂಲೆಗೊಂದು, ಚಪ್ಪರದ ಕಡೆಗೊಂದು, ಕೊಟ್ಟಿಗೆಯ ದಾರಿಗೊಂದು ಕೂರಿಸಿ, ಮಗನ ಮೊಬೈಲಿಗೆ ಆ್ಯಪ್ ಜೋಡಿಸಿ ಹೋಗುತ್ತಾನೆ. ಅಡಿಕೆ ಕಾಯುವುದಕ್ಕೆ ಇದು ಒಳ್ಳೆಯ ವ್ಯವಸ್ಥೆಯೇ. ಅದರ ಬಗ್ಗೆ ನನ್ನ ತಕರಾರಿಲ್ಲ.

ಆದರೆ ಆ ಕ್ಯಾಮೆರಾಕ್ಕೆ ಕಣ್ಣಿನ ಜೊತೆಗೆ ಕಿವಿಯೂ ಇದೆ. ಎರಡು ಸಾವಿರ ರೂಪಾಯಿಯ ವೈಫೈ ಕ್ಯಾಮೆರಾಗಳಲ್ಲಿ ಬಹುಪಾಲಿಗೆ ಮೈಕ್ ಒಳಗೇ ಇರುತ್ತದೆ. ಆ ಕಡೆಯಿಂದ ಮಾತಾಡಲು ಪುಟ್ಟ ಸ್ಪೀಕರೂ ಇರುತ್ತದೆ. ಧ್ವನಿಮುದ್ರಣ ಬೇಡವೆಂದು ನಾವಾಗಿ ಆಫ್ ಮಾಡದಿದ್ದರೆ ಅದು ಸಾಮಾನ್ಯವಾಗಿ ನಡೆಯುತ್ತಲೇ ಇರುತ್ತದೆ. ಮಲೆನಾಡಿನ ಮನೆಯಲ್ಲಿ ಮಾತೆಲ್ಲ ನಡೆಯುವುದು ಜಗಲಿಯಲ್ಲಿ. ಬಂದವರ ಮುಂದೆ ಕವಳದ ತಟ್ಟೆ ಇಟ್ಟು ಕೂತರೆ ಹಿಸ್ಸೆಯ ಮಾತು, ಮಗಳಿಗೆ ಬಂದ ಸಂಬಂಧದ ಮಾತು, ಸೊಸೈಟಿ ಸಾಲದ ಮಾತು, ಪಕ್ಕದ ತೋಟದವರ ನೀರಿನ ಜಗಳ ಎಲ್ಲ ಅಲ್ಲೇ ಬರುತ್ತದೆ. ಅದೆಲ್ಲ ಒಂದು ಮೆಮೊರಿ ಕಾರ್ಡಿನಲ್ಲೋ ದೂರದ ಯಾವುದೋ ಸರ್ವರಿನಲ್ಲೋ ಕೂತಿರುತ್ತದೆ ಎಂಬುದು ಮಾತಾಡುವವರಿಗೆ ತಿಳಿದಿರುವುದಿಲ್ಲ. ಅಡಿಕೆ ಸುಲಿಯಲು ಬಂದು ಕೂತ ಹೆಂಗಸರಿಗಂತೂ ಯಾರೂ ಹೇಳುವ ಗೋಜಿಗೇ ಹೋಗುವುದಿಲ್ಲ.

ಅಂಗಳದ ಕ್ಯಾಮೆರಾ ನಿಧಾನಕ್ಕೆ ಒಳಮನೆಗೂ ಬರುತ್ತದೆ. ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇರುವ ಮನೆಯಲ್ಲಿ ಮಕ್ಕಳ ಆತಂಕ ನಿಜವಾದದ್ದು. ಬಿದ್ದರೆ ಎತ್ತುವವರಿಲ್ಲ, ಫೋನ್ ಮಾಡಿದರೆ ಸಿಗ್ನಲ್ ಇಲ್ಲ. ಅಡುಗೆಮನೆಯ ಗೋಡೆಯಿಂದ ಇದ್ದಕ್ಕಿದ್ದಂತೆ ‘ಅಮ್ಮಾ, ಮಾತ್ರೆ ತಗೊಂಡ್ಯಾ?’ ಎಂದು ಮಗನ ದನಿ ಬರುತ್ತದೆ. ಅದು ಅಕ್ಕರೆಯೇ. ಆದರೆ ಅದೇ ಕ್ಯಾಮೆರಾದ ಎದುರು ಅಮ್ಮ ತನ್ನ ತಂಗಿಯ ಹತ್ತಿರ ಸುಖದುಃಖ ಹೇಳಿಕೊಳ್ಳಬೇಕು, ಸೊಸೆ ತವರಿಗೆ ಫೋನ್ ಮಾಡಬೇಕು. ಅವರನ್ನು ಯಾರಾದರೂ ಕೇಳಿದ್ದರೇ? ಒಟ್ಟು ಕುಟುಂಬದ ಮನೆಯಲ್ಲಿ, ಅಲ್ಲಿ ವಾಸವಿರುವ ಇನ್ನೊಬ್ಬ ಅಣ್ಣ ತಮ್ಮನ ಒಪ್ಪಿಗೆ ಇಲ್ಲದೆ ವಾಸದ ಭಾಗದೊಳಗೆ ಕ್ಯಾಮೆರಾ ನಡೆಸುವಂತಿಲ್ಲ ಎಂದು ಕಲ್ಕತ್ತಾ ಹೈಕೋರ್ಟ್ 2025ರಲ್ಲಿ ಹೇಳಿತು. ಅದೇ ವರ್ಷ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿನಲ್ಲಿ ಕೈಹಾಕಲು ಒಪ್ಪಲಿಲ್ಲ. ಅರ್ಧ ಪಾಲಾಗಿ ಅರ್ಧ ಪಾಲಾಗದ ಅಡಿಕೆ ಮನೆಗಳು ತುಂಬಿರುವ ನಮ್ಮ ಕಡೆ ಈ ತೀರ್ಪನ್ನು ಎಲ್ಲರೂ ತಿಳಿದಿರಬೇಕು.

ಕದ್ದು ಕೇಳುವ ಯಂತ್ರ ಎಂದ ಕೂಡಲೇ ಕಣ್ಣಮುಂದೆ ಬರುವುದು ಸಿನಿಮಾದ ಗೂಢಚಾರ. ರಾತ್ರೋರಾತ್ರಿ ಹೆಂಚು ಸರಿಸಿ ಇಳಿದು ಮೈಕ್ ಅಂಟಿಸಿ ಹೋಗುವವರು ತೋಟದ ಮನೆಗೆ ಬರುವ ಸಂಭವ ತೀರಾ ಕಡಿಮೆ. ಮನೆಯ ಮಾತು ಹೊರಗೆ ಹೋಗುವುದು ಹೆಬ್ಬಾಗಿಲಿನಿಂದಲೇ ಒಳಗೆ ಬಂದ ವಸ್ತುವಿನಿಂದ, ಗುರುತಿನವರ ಕೈಯಿಂದ. ದಾಯಾದಿ ವ್ಯಾಜ್ಯಕ್ಕೆ ಸಾಕ್ಷ್ಯ ಬೇಕಾದವರಿರಬಹುದು, ಹೆಂಡತಿಯ ಮೇಲೆ ಅನುಮಾನಪಡುವ ಗಂಡನಿರಬಹುದು, ಹಳೆಯ ಪಾಸ್‌ವರ್ಡ್ ಇನ್ನೂ ಕೈಯಲ್ಲಿಟ್ಟುಕೊಂಡಿರುವ ರಿಪೇರಿಯವನಿರಬಹುದು. ಆದ್ದರಿಂದ ಗೋಡೆ ತಟ್ಟುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ: ಇದನ್ನು ಯಾರು ತಂದರು, ಯಾರು ಜೋಡಿಸಿದರು, ಪಾಸ್‌ವರ್ಡ್ ಯಾರ ಬಳಿ ಇದೆ? ನಾನು ಹೇಳಹೊರಟಿರುವುದರ ತಿರುಳು ಇಷ್ಟೇ.

ಪಾಸ್‌ವರ್ಡಿನಿಂದಲೇ ಶುರುಮಾಡೋಣ. 2025ರ ಫೆಬ್ರುವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಸಿಸಿಟಿವಿ ದೃಶ್ಯಗಳು, ತಪಾಸಣೆಗೆ ಬಂದ ಹೆಂಗಸರ ದೃಶ್ಯಗಳು, ಯೂಟ್ಯೂಬ್ ಮತ್ತು ಟೆಲಿಗ್ರಾಂನಲ್ಲಿ ಮಾರಾಟಕ್ಕೆ ಬಂದದ್ದು ಪತ್ತೆಯಾಯಿತು. ಕ್ಯಾಮೆರಾ ವ್ಯವಸ್ಥೆಗೆ ಕಂಪನಿ ಕೊಟ್ಟ ‘ಅಡ್ಮಿನ್123’ ಎಂಬಂಥ ಪಾಸ್‌ವರ್ಡನ್ನೇ ಬದಲಿಸದೆ ಬಿಟ್ಟಿದ್ದರಿಂದ ಒಳನುಗ್ಗುವುದು ಸುಲಭವಾಯಿತು ಎಂದು ಆಮೇಲೆ ವರದಿಯಾಯಿತು. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಇಂಥ ಅರವತ್ತರಷ್ಟು ಸಿದ್ಧ ಪಾಸ್‌ವರ್ಡುಗಳ ಪಟ್ಟಿ ಹಿಡಿದುಕೊಂಡೇ ಪ್ರಪಂಚದ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಮಾಡಿಕೊಂಡಿತ್ತು. ನಮ್ಮಲ್ಲಿ ಕೇಬಲ್‌ನವರು ಹಾಕಿಕೊಡುವ ರೂಟರಿನ ಪಾಸ್‌ವರ್ಡ್ ಅನೇಕ ಕಡೆ ಇಡೀ ಊರಿಗೆ ಒಂದೇ. ರೂಟರಿನ ಪುಟ ತೆರೆದರೆ ಈಗ ಯಾವ ಯಾವ ಉಪಕರಣ ಜೋಡಣೆಯಾಗಿವೆ ಎಂಬ ಪಟ್ಟಿ ಕಾಣುತ್ತದೆ. ಮನೆಯ ಫೋನು, ಟಿವಿ, ಕ್ಯಾಮೆರಾಗಳನ್ನು ಒಂದೊಂದಾಗಿ ಆಫ್ ಮಾಡುತ್ತ ಹೋದಾಗ ಕೊನೆಗೂ ಒಂದು ಹೆಸರು ಉಳಿದುಕೊಂಡರೆ ಅದು ಯಾರದೆಂದು ಹುಡುಕಬೇಕು. ಕ್ಯಾಮೆರಾ ಹಾಕಿದ ಹುಡುಗ ಪರೀಕ್ಷೆಗೆಂದು ತನ್ನ ಮೊಬೈಲಿನಲ್ಲೂ ಆ್ಯಪ್ ತೆರೆದಿರುತ್ತಾನೆ. ಅವನು ಕೆಟ್ಟವನೆಂದಲ್ಲ, ಮರೆತು ಹೋಗಿರುತ್ತಾನೆ. ಆ ಖಾತೆಯನ್ನು ಅವನ ಎದುರಿಗೇ ತೆಗೆಸಿ, ಅವನು ಗೇಟು ದಾಟಿದ ಮೇಲೆ ಪಾಸ್‌ವರ್ಡ್ ಬದಲಿಸಿ.

ಇನ್ನು ನಿಜವಾಗಿಯೂ ಬಚ್ಚಿಟ್ಟ ಕಿವಿಗಳ ಮಾತು. ಇತಿಹಾಸದ ಅತ್ಯಂತ ಪ್ರಸಿದ್ಧ ಕದ್ದಾಲಿಕೆ ಯಂತ್ರವೂ ಹೆಬ್ಬಾಗಿಲಿನಿಂದಲೇ ಬಂದದ್ದು. 1945ರ ಆಗಸ್ಟ್‌ನಲ್ಲಿ ಸೋವಿಯತ್ ಶಾಲಾಮಕ್ಕಳು ಮಾಸ್ಕೋದ ಅಮೆರಿಕನ್ ರಾಯಭಾರಿ ಅವೆರೆಲ್ ಹ್ಯಾರಿಮನ್ ಅವರಿಗೆ ಮರದಲ್ಲಿ ಕೆತ್ತಿದ ಅಮೆರಿಕದ ರಾಜಮುದ್ರೆಯನ್ನು ಉಡುಗೊರೆಯಾಗಿ ಕೊಟ್ಟರು. ಅದು ರಾಯಭಾರಿಯ ನಿವಾಸದ ಗೋಡೆ ಏರಿತು. ಒಳಗೆ ಲಿಯೊನ್ ಥೆರೆಮಿನ್ ಎಂಬ ವಿಜ್ಞಾನಿ ರೂಪಿಸಿದ ಮೈಕ್ ಇತ್ತು. ಅದಕ್ಕೆ ಬ್ಯಾಟರಿ ಇಲ್ಲ, ತಂತಿ ಇಲ್ಲ. ಹೊರಗಿನಿಂದ ರೇಡಿಯೊ ಅಲೆ ಹಾಯಿಸಿದಾಗ ಮಾತ್ರ ಅದಕ್ಕೆ ಜೀವ ಬರುತ್ತಿತ್ತು. ರಾಯಭಾರಿಗಳು ಬದಲಾದರು, ಮುದ್ರೆ ಅಲ್ಲೇ ಉಳಿಯಿತು. ಸಿಕ್ಕಿಬಿದ್ದದ್ದು ಏಳು ವರ್ಷದ ಮೇಲೆ, 1952ರಲ್ಲಿ.

ಇವತ್ತು ಆನ್‌ಲೈನ್‌ನಲ್ಲಿ ಸಾವಿರ, ಎರಡು ಸಾವಿರಕ್ಕೆ ಸಿಗುವ ಉಪಕರಣಗಳು ಅಷ್ಟು ಚಮತ್ಕಾರದವಲ್ಲ. ಅವುಗಳಲ್ಲಿ ಎರಡು ಜಾತಿ. ಒಂದು, ಕೇಳಿದ್ದನ್ನು ತನ್ನೊಳಗೇ ಇಟ್ಟುಕೊಳ್ಳುವ ರೆಕಾರ್ಡರ್. ಪೆನ್ನು, ಕೀಚೈನು, ಪೆನ್‌ಡ್ರೈವ್ ರೂಪದಲ್ಲಿ ಬರುತ್ತದೆ. ಮಾತು ಕೇಳಿಸಿದಾಗ ಮಾತ್ರ ಎಚ್ಚರಗೊಳ್ಳುವಂಥದ್ದಾದರೆ ದಿನಗಟ್ಟಲೆ ಬಾಳುತ್ತದೆ. ಸಿಗ್ನಲ್ಲನ್ನೇ ಹೊರಗೆ ಬಿಡದ ಇದನ್ನು ಸಿಗ್ನಲ್ ಹುಡುಕುವ ಯಾವ ಡಿಟೆಕ್ಟರೂ ಹಿಡಿಯಲಾರದು. ಇನ್ನೊಂದು, ಕೇಳಿದ್ದನ್ನು ಆಗಿಂದಾಗಲೇ ಹೊರಗೆ ಕಳಿಸುವಂಥದ್ದು. ಸಿಮ್ ಹಾಕಿದ ಬೆಂಕಿಪೊಟ್ಟಣದ ಗಾತ್ರದ ಡಬ್ಬಿ ಅದು. ಅದರ ನಂಬರಿಗೆ ಎಲ್ಲಿಂದ ಕರೆ ಮಾಡಿದರೂ ಸದ್ದಿಲ್ಲದೆ ತಾನೇ ಎತ್ತಿಕೊಳ್ಳುತ್ತದೆ, ಕೋಣೆಯ ಮಾತು ಆ ಕಡೆಯವರಿಗೆ ಕೇಳುತ್ತದೆ. ಚಾರ್ಜರ್, ಎಕ್ಸ್‌ಟೆನ್ಷನ್ ಬೋರ್ಡ್, ಟೇಬಲ್ ಗಡಿಯಾರಗಳೊಳಗೆ ಸೇರಿಸಿಯೇ ಮಾರುವುದೂ ಉಂಟು. ವೈಫೈ ಮೂಲಕ ಚಿತ್ರ ಕಳಿಸುವ ಪುಟ್ಟ ಕ್ಯಾಮೆರಾಗಳೂ ಇದೇ ಜಾತಿಯವು.

ನಮ್ಮ ಮೂರು ತಾಲ್ಲೂಕುಗಳ ಭೂಗೋಳ ಲೆಕ್ಕಕ್ಕೆ ಬರುವುದು ಇಲ್ಲಿ. ಶರಾವತಿ ಹಿನ್ನೀರಿನಾಚೆಯ ಕರೂರು, ಬಾರಂಗಿ ಹೋಬಳಿಗಳಲ್ಲಿ, ಕೊಡಚಾದ್ರಿಯ ಬುಡದಲ್ಲಿ, ಆಗುಂಬೆಯ ಕಾಡಂಚಿನಲ್ಲಿ ಮೊಬೈಲ್ ಸಿಗ್ನಲ್ ಇಂದಿಗೂ ಎಲ್ಲ ಮನೆಗೂ ಸಿಗುವ ವಸ್ತುವಲ್ಲ. ನೆಟ್‌ವರ್ಕ್ ಕೊಡದಿದ್ದರೆ ಓಟಿಲ್ಲ ಎಂದು ಜನ ಹೋರಾಟಕ್ಕೆ ಇಳಿದ ಸೀಮೆ ಇದು. ಸಿಗ್ನಲ್ ಇಲ್ಲದ ಮನೆಯಲ್ಲಿ ಸಿಮ್ ಹಾಕಿದ ಕದ್ದಾಲಿಕೆ ಡಬ್ಬಿ ಸತ್ತ ಹಾಗೆಯೇ. ಬ್ರಾಡ್‌ಬ್ಯಾಂಡ್ ಇದ್ದರೆ ವೈಫೈ ಉಪಕರಣ ನಡೆದೀತು, ಆದರೆ ಅದಕ್ಕೆ ಮನೆಯ ವೈಫೈ ಪಾಸ್‌ವರ್ಡ್ ಬೇಕು. ಅಂದರೆ ಪಾಸ್‌ವರ್ಡ್ ತಿಳಿದವರೇ ಇಟ್ಟಿರಬೇಕು. ಎರಡೂ ಇಲ್ಲವಾದರೆ ಉಳಿಯುವುದು ರೆಕಾರ್ಡರ್ ಒಂದೇ. ಅದನ್ನು ಇಟ್ಟವರು ಅದನ್ನು ತೆಗೆದುಕೊಂಡು ಹೋಗಲು ಮತ್ತೆ ಆ ಕೋಣೆಗೆ ಬರಲೇಬೇಕು. ಯಾವ ದಾರಿಯಲ್ಲಿ ಹೋದರೂ ಕೊನೆಗೆ ಬಂದು ನಿಲ್ಲುವುದು ಮನೆಗೆ ಓಡಾಟ ಇರುವವರ ಹತ್ತಿರವೇ.

ಸಿಗ್ನಲ್ ಕುಂಟುತ್ತ ಬರುವ ಮನೆಗಳಲ್ಲಿ ಹುಡುಕುವವರಿಗೆ ಅನುಕೂಲವೂ ಇದೆ. ಟವರ್ ದೂರವಿದ್ದಷ್ಟೂ ಮೊಬೈಲ್ ಉಪಕರಣ ತನ್ನ ಶಕ್ತಿಯನ್ನೆಲ್ಲ ಹಾಕಿ ಅಲೆ ಕಳಿಸಬೇಕಾಗುತ್ತದೆ. 900 ಮೆಗಾಹರ್ಟ್ಸ್‌ನ 2ಜಿ ಉಪಕರಣ ಗರಿಷ್ಠ 2 ವಾಟ್‌ವರೆಗೆ ಏರುತ್ತದೆ. ಅದೂ ಒಂದೇ ಸಮನೆ ಅಲ್ಲ, ಸೆಕೆಂಡಿಗೆ ಸುಮಾರು 217 ಸಲ ತುಂಡುತುಂಡಾಗಿ. ಭದ್ರಾವತಿ ಆಕಾಶವಾಣಿ ಕೇಳುತ್ತ ರೇಡಿಯೊ ಪಕ್ಕ ಮೊಬೈಲ್ ಇಟ್ಟಿದ್ದಾಗ, ಕರೆ ಬರುವ ತುಸು ಮೊದಲು ‘ಟಿರ್ರ್ ಟಿರ್ರ್’ ಎಂಬ ಕರಕರ ಸದ್ದು ಬರುತ್ತಿದ್ದುದು ಹಲವರಿಗೆ ನೆನಪಿರಬಹುದು. ಅದು ಇದೇ. ಅಟ್ಟದ ಮೇಲಿನ ಹಳೆಯ ಮೀಡಿಯಂ ವೇವ್ ರೇಡಿಯೊ ಇನ್ನೂ ಇದ್ದರೆ ಕೆಳಗಿಳಿಸಿ. ಮನೆಯ ಫೋನುಗಳನ್ನೆಲ್ಲ ಆಫ್ ಮಾಡಿ, ಯಾವ ನಿಲಯವೂ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ, ಸದ್ದು ಕೇಳಿ ಎಚ್ಚರಗೊಳ್ಳುವ ಯಂತ್ರವಿದ್ದರೆ ಅದು ಏಳಲೆಂದು ಗಟ್ಟಿಯಾಗಿ ಮಾತಾಡುತ್ತ, ಸ್ವಿಚ್ ಬೋರ್ಡು, ಮಂಚ, ಮೇಜುಗಳ ಹತ್ತಿರ ನಿಧಾನವಾಗಿ ಹಿಡಿದು ನಡೆಯಿರಿ. ಈ ಪರೀಕ್ಷೆಗೆ ಮಿತಿಯಿದೆ. ಸದ್ದು ಮುಖ್ಯವಾಗಿ 2ಜಿಯ ಗುಣ, 4ಜಿ ಉಪಕರಣ ಹೀಗೆ ಕೂಗಿಕೊಳ್ಳುವುದಿಲ್ಲ. ಸಾವಿರ ರೂಪಾಯಿಯ ಡಿಟೆಕ್ಟರ್ ಕೊಂಡರೂ ಪಕ್ಕದ ವೈಫೈ, ಬ್ಲೂಟೂತ್ ಎಲ್ಲಕ್ಕೂ ಕಿರುಚಿ ತಲೆ ಕೆಡಿಸುತ್ತದೆ. ಅದಕ್ಕೆ ದುಡ್ಡು ಹಾಕಬೇಡಿ ಎಂದೇ ನನ್ನ ಸಲಹೆ.

ಹೀಗೆ ಪೂರ್ಣ ಶಕ್ತಿಯಲ್ಲಿ ದುಡಿಯುವ ಉಪಕರಣದ ಬ್ಯಾಟರಿ ಬೇಗ ಬರಿದಾಗುತ್ತದೆ. ಆದ್ದರಿಂದ ಬಹುದಿನ ಇರಬೇಕಾದ ಕಿವಿ ಕರೆಂಟಿನ ಆಸರೆ ಹುಡುಕುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ನಮ್ಮಲ್ಲಿ ಇನ್ವರ್ಟರ್ ಲೈನಿನ ಆಸರೆಯನ್ನೇ ಹುಡುಕಬೇಕು. ಹುಡುಕಾಟಕ್ಕೆ ಮೊದಲ ಜಾಗ ಪ್ಲಗ್ಗುಗಳು. ಯಾರೂ ಕೊಳ್ಳದ ಚಾರ್ಜರ್, ಯಾವುದಕ್ಕೂ ಉಪಯೋಗಿಸದೆ ಸಿಕ್ಕಿಸಿಯೇ ಇರುವ ಅಡಾಪ್ಟರ್, ತೂಕ ಹೆಚ್ಚೆನಿಸುವ ಎಕ್ಸ್‌ಟೆನ್ಷನ್ ಬೋರ್ಡ್ ಕಂಡರೆ ಪಕ್ಕಕ್ಕಿಡಿ. ಕರೆಂಟಿನ ಬೋರ್ಡನ್ನು ನೀವಾಗಿ ಬಿಚ್ಚಬೇಡಿ, ನಂಬಿಕೆಯ ಎಲೆಕ್ಟ್ರಿಷಿಯನ್ ಕೈಯಲ್ಲಿ ಮೇನ್ ಸ್ವಿಚ್ ತೆಗೆಸಿ ನೋಡಿಸಿ. ಆಮೇಲೆ ಮಂಚದ ಅಡಿ, ಮೇಜಿನ ಡ್ರಾಯರಿನ ಹಿಂಬದಿ, ಫೋಟೊಗಳ ಹಿಂದು, ಸೋಫಾದ ಹೊಲಿಗೆ. ಹಳೆಯ ಮನೆಗಳ ಮುಚ್ಚಿಗೆಯನ್ನು ಮರೆಯಬೇಡಿ. ಹಲಗೆಗಳ ಸಂದಿನಲ್ಲಿ ಕೆಳಗಿನ ಪಿಸುಮಾತೂ ಮೇಲಕ್ಕೆ ಕೇಳುತ್ತದೆ, ಮಾಳಿಗೆಗೆ ಹತ್ತುವವರು ದಿನಕ್ಕೊಬ್ಬರೂ ಇರುವುದಿಲ್ಲ. ಅಲ್ಲಿ ದೂಳು ಅಳಿಸಿದ ಗುರುತಿದ್ದರೆ ಅದೇ ಸುಳಿವು.

ಕ್ಯಾಮೆರಾ ಹುಡುಕಲು ದೀಪ ಆರಿಸಿದ ರಾತ್ರಿಯೇ ಒಳ್ಳೆಯದು. ಕತ್ತಲಲ್ಲಿ ಚಿತ್ರ ಹಿಡಿಯುವ ಕ್ಯಾಮೆರಾ ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕು ಬೀರುತ್ತದೆ. ಮೊಬೈಲಿನ ಮುಂದಿನ ಕ್ಯಾಮೆರಾಕ್ಕೆ ಅದು ಸಾಮಾನ್ಯವಾಗಿ ನೇರಳೆ ಛಾಯೆಯ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ನಿಮ್ಮ ಫೋನಿಗೆ ಅದು ಕಾಣುತ್ತದೋ ಇಲ್ಲವೋ ಎಂದು ಮೊದಲು ಟಿವಿ ರಿಮೋಟಿನ ಗುಂಡಿ ಒತ್ತಿ ಪರೀಕ್ಷಿಸಿಕೊಳ್ಳಿ. ಕರೆಂಟ್ ಇಲ್ಲದಾಗಲೂ ಹೊಳೆಯುವ ಚುಕ್ಕೆ ಬ್ಯಾಟರಿಯ ಅಥವಾ ಇನ್ವರ್ಟರ್ ಲೈನಿನ ಉಪಕರಣದ್ದು. ಇನ್ನೊಂದು ದಾರಿ, ಟಾರ್ಚನ್ನು ಕಣ್ಣಿನ ಪಕ್ಕವೇ ಹಿಡಿದು ಕೋಣೆಯನ್ನು ಇಂಚಿಂಚಾಗಿ ನೋಡುವುದು. ಲೆನ್ಸ್ ಎಷ್ಟೇ ಚಿಕ್ಕದಿದ್ದರೂ ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸಿ ಮಿಣುಕುತ್ತದೆ. ಒಂದೇ ಕೋನದಿಂದ ನೋಡಿ ಬಿಟ್ಟರೆ ತಪ್ಪಿಸಿಕೊಳ್ಳುತ್ತದೆ, ಹೆಜ್ಜೆ ಬದಲಿಸಿ ನೋಡಬೇಕು.

ಇಷ್ಟೆಲ್ಲ ಹುಡುಕಿ ಏನೂ ಸಿಗದೆ, ಮನೆಯಲ್ಲಿ ಇಬ್ಬರೇ ಆಡಿದ ಮಾತು ಹೊರಗೆ ಹೋಗುತ್ತಿದೆ ಎಂದಾದರೆ ಕೈಯಲ್ಲಿರುವ ಮೊಬೈಲನ್ನೇ ನೋಡಬೇಕು. ಬಹಳಷ್ಟು ಸಲ ಇಲ್ಲಿಗೇ ಬಂದು ನಿಲ್ಲುತ್ತದೆ. ವಾಟ್ಸ್‌ಆ್ಯಪ್‌ನ ‘ಲಿಂಕ್ಡ್ ಡಿವೈಸಸ್’ ಪಟ್ಟಿ ತೆರೆಯಿರಿ. ಒಂದೆರಡು ನಿಮಿಷ ನಿಮ್ಮ ಫೋನ್ ಕೈಗೆ ಸಿಕ್ಕವರು ತಮ್ಮ ಕಂಪ್ಯೂಟರಿಗೆ ಅದನ್ನು ಜೋಡಿಸಿಕೊಂಡು ವಾರಗಟ್ಟಲೆ ನಿಮ್ಮ ಸಂದೇಶಗಳನ್ನು ಓದಬಹುದು. ಗೂಗಲ್ ಮ್ಯಾಪ್‌ನಲ್ಲಿ ನೀವಿರುವ ಜಾಗ ಯಾರಿಗಾದರೂ ಸದಾ ತೋರುತ್ತಿದೆಯೇ ನೋಡಿ. ಪರದೆಯ ಮೇಲ್ತುದಿಯಲ್ಲಿ ಮೈಕ್ ಚಾಲೂ ಆದಾಗ ಬರುವ ಪುಟ್ಟ ಚುಕ್ಕೆಯನ್ನು ಗಮನಿಸಿ. ಆಂಡ್ರಾಯ್ಡ್ 12ರಿಂದ ಈಚೆಗೆ ಅದು ಹಸಿರು, ಐಫೋನಿನಲ್ಲಿ ಮೈಕಿಗೆ ಕಿತ್ತಳೆ ಬಣ್ಣ. ನೀವು ಮಾತಾಡದಿರುವಾಗಲೂ ಅದು ಬೆಳಗಿದರೆ ಯಾವ ಆ್ಯಪ್‌ಗೆ ಮೈಕ್ ಅನುಮತಿ ಇದೆ ಎಂದು ಪರಿಶೀಲಿಸಿ. ‘*#21# ಒತ್ತಿದರೆ ಫೋನ್ ಟ್ಯಾಪ್ ಆಗಿದೆಯೋ ಗೊತ್ತಾಗುತ್ತದೆ’ ಎಂಬ ಫಾರ್ವರ್ಡ್ ಸಂದೇಶ ನಂಬಬೇಡಿ. ನಿಮ್ಮ ಕರೆಗಳು ಬೇರೆ ನಂಬರಿಗೆ ತಿರುಗುತ್ತಿವೆಯೇ ಎಂಬುದನ್ನಷ್ಟೇ ಅದು ತೋರಿಸುತ್ತದೆ. ಹಾಗೆ ತಿರುಗುತ್ತಿದ್ದರೆ ##002# ಒತ್ತಿ ರದ್ದು ಮಾಡಬಹುದು. ಪ್ಯಾಟರ್ನ್ ಲಾಕ್ ಬದಲಿಗೆ ಆರಂಕಿಯ ಪಿನ್ ಇಡಿ. ಎದುರಿಗೆ ಕೂತವರು ಬೆರಳಿನ ಗೆರೆಯನ್ನು ಒಂದೇ ನೋಟಕ್ಕೆ ಕಲಿಯುತ್ತಾರೆ.

ಒಂದು ಎಚ್ಚರಿಕೆ ಹೇಳಲೇಬೇಕು. ಗಂಡನೇ ಬೇಹುಗಾರಿಕೆ ಆ್ಯಪ್ ಹಾಕಿದ್ದಾನೆ ಎಂಬ ಅನುಮಾನ ಬಂದ ಹೆಣ್ಣುಮಗಳು ಅದನ್ನು ಥಟ್ಟನೆ ಅಳಿಸಿಹಾಕಿದರೆ ಅವನಿಗೆ ಆ ಕ್ಷಣವೇ ತಿಳಿಯುತ್ತದೆ. ಹೊಡೆತದ ಭಯವಿರುವ ಮನೆಯಲ್ಲಿ ಅದು ಅಪಾಯ. ಅಂಥವರು ಮೊದಲು ಬೇರೆಯವರ ಫೋನಿನಿಂದ ತವರಿಗೋ 181 ಮಹಿಳಾ ಸಹಾಯವಾಣಿಗೋ ತಿಳಿಸಿ, ಸುರಕ್ಷಿತ ಜಾಗ ಸೇರಿದ ಮೇಲೆ ಫೋನಿಗೆ ಕೈಹಾಕಲಿ. 2025ರ ಜುಲೈ 14ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ಗಂಡ ಹೆಂಡತಿಯ ನಡುವಿನ ಗುಟ್ಟಿನ ಫೋನ್ ಧ್ವನಿಮುದ್ರಣವನ್ನು ವಿವಾಹ ವ್ಯಾಜ್ಯದಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದು ಎಂದು ತೀರ್ಪು ಕೊಟ್ಟಿತು. ಒಬ್ಬರ ಮೇಲೊಬ್ಬರು ಬೇಹು ನಡೆಸುವ ಹಂತಕ್ಕೆ ಬಂದಿದ್ದರೆ ಆ ದಾಂಪತ್ಯದಲ್ಲಿ ನಂಬಿಕೆ ಆಗಲೇ ಮುರಿದಿದೆ ಎಂಬರ್ಥದ ಮಾತನ್ನೂ ಆಡಿತು. ಈ ತೀರ್ಪನ್ನು ಹೆಂಡತಿಯ ಕೋಣೆಯಲ್ಲಿ ಮೈಕ್ ಇಡಲು ಸಿಕ್ಕ ಪರವಾನಗಿ ಎಂದು ಯಾರೂ ಓದಬಾರದು. ನ್ಯಾಯಾಲಯ ಉತ್ತರಿಸಿದ್ದು ಸಾಕ್ಷ್ಯದ ಪ್ರಶ್ನೆಗೆ.

ಸರ್ಕಾರ ಕೇಳಿಸಿಕೊಳ್ಳುವುದಾದರೆ ಮನೆಯಲ್ಲಿ ಏನನ್ನೂ ಬಚ್ಚಿಡಬೇಕಿಲ್ಲ, ಆ ಕೆಲಸ ದೂರವಾಣಿ ಕಂಪನಿಯ ಮಟ್ಟದಲ್ಲೇ ಆಗುತ್ತದೆ. ಟಾರ್ಚಿಗಾಗಲಿ ರೇಡಿಯೊಗಾಗಲಿ ಅದು ಸಿಗುವುದಿಲ್ಲ, ಅದಕ್ಕೆ ಕಾನೂನೊಂದೇ ಕಾವಲು. ಈ ವಿಷಯದಲ್ಲಿ ಕರ್ನಾಟಕದ ನೆನಪು ಕಹಿಯಾದದ್ದು. ಸಾಗರದ ಪಕ್ಕದ ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆ 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದು ಫೋನ್ ಕದ್ದಾಲಿಕೆಯ ಆರೋಪದ ಮೇಲೆ. 2019ರ ಆಗಸ್ಟ್‌ನಲ್ಲಿ ಮತ್ತೆ ಅದೇ ಬಗೆಯ ಆರೋಪ ಎದ್ದು ಯಡಿಯೂರಪ್ಪ ಸರ್ಕಾರ ತನಿಖೆಯನ್ನು ಸಿಬಿಐಗೆ ಕೊಟ್ಟಿತು. ಇವೆರಡರ ನಡುವೆ, 1996ರ ಡಿಸೆಂಬರಿನಲ್ಲಿ, ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕದ್ದಾಲಿಕೆಗೆ ಲಗಾಮು ಹಾಕಿತ್ತು: ಗೃಹ ಕಾರ್ಯದರ್ಶಿಯ ಮಟ್ಟದ ಆದೇಶವಿಲ್ಲದೆ ಯಾರ ಫೋನನ್ನೂ ಕೇಳುವಂತಿಲ್ಲ, ಆದೇಶಕ್ಕೆ ಕಾಲಮಿತಿ ಇರಬೇಕು, ಪರಿಶೀಲನಾ ಸಮಿತಿ ಅದನ್ನು ನೋಡಬೇಕು. ಈಗಿನ ನಿಯಮಗಳಲ್ಲಿ ಒಂದು ಆದೇಶ 60 ದಿನ ನಡೆಯುತ್ತದೆ, ವಿಸ್ತರಿಸಿದರೂ ಒಟ್ಟು 180 ದಿನ ಮೀರುವಂತಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ದೇಶಕ್ಕೆ ಹೇಳಿಸಿದವರೂ ಕರ್ನಾಟಕದವರೇ ಎಂಬುದು ನನಗೆ ಹೆಮ್ಮೆಯ ವಿಷಯ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತಾರು ವರ್ಷ. ಖಾಸಗಿತನದ ಹಕ್ಕೇ ಸಂವಿಧಾನದಲ್ಲಿಲ್ಲ ಎಂದು ಸರ್ಕಾರ ವಾದಿಸಿತು. 1954ರ ಮತ್ತು 1962ರ ಹಳೆಯ ತೀರ್ಪುಗಳನ್ನು ಅದಕ್ಕೆ ಆಧಾರ ಮಾಡಿಕೊಂಡಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಆ ವಾದವನ್ನು ತಳ್ಳಿಹಾಕಿದರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಮನೆಯೊಳಗಿನ ಬದುಕು, ಸಂಬಂಧಗಳು, ಮಾತು ಮನುಷ್ಯನ ಘನತೆಯ ಭಾಗ ಎಂಬ ಆ ತೀರ್ಪಿನ ನೆಲೆ ತೋಟದ ಮನೆಯ ಮುದುಕಿಗೂ ಅನ್ವಯಿಸುತ್ತದೆ, ಅವಳ ಅಂಗಳದಲ್ಲಿ ಅಡಿಕೆ ಸುಲಿಯುವವಳಿಗೂ ಅನ್ವಯಿಸುತ್ತದೆ.

ಕೊನೆಗೆ, ನಾವೇ ಅತಿಥಿಗಳಾಗಿ ಉಳಿಯುವ ಮನೆಗಳ ವಿಚಾರ. ಜೋಗ, ಆಗುಂಬೆ, ಕವಲೇದುರ್ಗ, ಕೊಡಚಾದ್ರಿ ಎಂದು ಬರುವವರಿಗಾಗಿ ಮೂರೂ ತಾಲ್ಲೂಕಿನಲ್ಲಿ ಹೋಂಸ್ಟೇಗಳು ಎದ್ದಿವೆ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವ ತಾಪತ್ರಯ ತಪ್ಪಿ ಓಡಾಟ ಇನ್ನೂ ಸಲೀಸಾಗಿದೆ. ಹೆಚ್ಚಿನವು ಮನೆಮಂದಿಯೇ ಮರ್ಯಾದೆಯಿಂದ ನಡೆಸುವ ಜಾಗಗಳು. ಆದರೂ ಕೋಣೆ, ಬಚ್ಚಲುಮನೆ ಒಮ್ಮೆ ನೋಡಿಕೊಳ್ಳುವುದು ಅವಮಾನದ ಮಾತಲ್ಲ, ಒಳ್ಳೆಯ ಯಜಮಾನರು ಅದಕ್ಕೆ ಬೇಸರಿಸುವುದೂ ಇಲ್ಲ. ಏರ್‌ಬಿಎನ್‌ಬಿ ಕಂಪನಿ 2024ರ ಏಪ್ರಿಲ್ ಕೊನೆಯಿಂದ ತನ್ನ ಮೂಲಕ ಬಾಡಿಗೆಗೆ ಬಿಡುವ ಮನೆಗಳ ಒಳಗೆ ಕ್ಯಾಮೆರಾವನ್ನೇ ನಿಷೇಧಿಸಿದೆ. ಯಾವ ಯಂತ್ರವೂ ಹಿಡಿಯದ ಪ್ರಕರಣವೊಂದು ಬೆಂಗಳೂರಿನಲ್ಲಿ ಅದೇ ವರ್ಷ ಆಗಸ್ಟ್‌ನಲ್ಲಿ ನಡೆಯಿತು. ಕಾಫಿ ಅಂಗಡಿಯೊಂದರ ಹೆಂಗಸರ ಶೌಚಾಲಯದ ಕಸದಬುಟ್ಟಿಯಲ್ಲಿ ಮೊಬೈಲ್ ಇಟ್ಟಿದ್ದರು. ಕಸದ ಚೀಲಕ್ಕೆ ಲೆನ್ಸ್ ಕಾಣುವಷ್ಟೇ ತೂತು ಮಾಡಲಾಗಿತ್ತು. ಸದ್ದಾಗದಂತೆ ಫ್ಲೈಟ್ ಮೋಡಿನಲ್ಲಿತ್ತು, ಎರಡು ಗಂಟೆಯಷ್ಟು ಚಿತ್ರೀಕರಣ ಆಗಿಹೋಗಿತ್ತು. ಫ್ಲೈಟ್ ಮೋಡಿನ ಫೋನು ಅಲೆ ಬೀರುವುದಿಲ್ಲ, ವೈಫೈ ಪಟ್ಟಿಯಲ್ಲೂ ಬರುವುದಿಲ್ಲ. ಅದನ್ನು ಕಂಡುಹಿಡಿದದ್ದು ಗಿರಾಕಿಯಾಗಿ ಬಂದ ಒಬ್ಬ ಮಹಿಳೆಯ ಕಣ್ಣು. ಸಿಕ್ಕಿಬಿದ್ದವನು ಅಲ್ಲೇ ಕೆಲಸಕ್ಕಿದ್ದವನು.

ಇಂಥದ್ದು ಏನಾದರೂ ಸಿಕ್ಕಿದರೆ ಕಿತ್ತು ಎಸೆಯಬೇಡಿ, ಒಡೆಯಬೇಡಿ, ಒಳಗೇನಿದೆ ಎಂದು ತೆರೆದು ನೋಡಲೂ ಹೋಗಬೇಡಿ. ಬೆರಳಚ್ಚು, ಮೆಮೊರಿ ಕಾರ್ಡು, ಸಿಮ್ಮಿನ ದಾಖಲೆ ಎಲ್ಲ ಪೊಲೀಸರಿಗೆ ಬೇಕಾಗುತ್ತದೆ. ಇದ್ದ ಜಾಗದಲ್ಲೇ ಫೋಟೊ, ವಿಡಿಯೊ ತೆಗೆದು, ಕೋಣೆಯಿಂದ ಹೊರಗೆ ಬಂದು 112ಕ್ಕೆ ಕರೆ ಮಾಡಿ. ದೃಶ್ಯ ಇಂಟರ್ನೆಟ್ಟಿಗೆ ಹೋಗಿದೆ ಎಂಬ ಅನುಮಾನವಿದ್ದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ, 1930 ಸಹಾಯವಾಣಿಯಲ್ಲಿ ಅಥವಾ ಶಿವಮೊಗ್ಗದ ಸಿಇಎನ್ (ಸೈಬರ್ ಅಪರಾಧ) ಠಾಣೆಯಲ್ಲಿ ದೂರು ಕೊಡಬಹುದು. ಹೆಣ್ಣುಮಗಳ ಖಾಸಗಿ ಕ್ಷಣವನ್ನು ಕದ್ದು ನೋಡಿದರೆ, ಚಿತ್ರೀಕರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಪ್ರಕಾರ ಒಂದರಿಂದ ಮೂರು ವರ್ಷ ಜೈಲು, ಮರುಕಳಿಸಿದರೆ ಮೂರರಿಂದ ಏಳು ವರ್ಷ. ಗಂಡಸರಾದರೂ ಹೆಂಗಸರಾದರೂ, ಖಾಸಗಿ ಅಂಗದ ಚಿತ್ರ ತೆಗೆಯುವುದಕ್ಕೂ ಹರಡುವುದಕ್ಕೂ ಐಟಿ ಕಾಯ್ದೆಯ 66ಇ ಕಲಂ ಇದೆ. ಫೋನ್ ಸಂದೇಶಗಳನ್ನು ಕಾನೂನುಬಾಹಿರವಾಗಿ ಅಡ್ಡಗಟ್ಟಿ ಕೇಳಿದರೆ 2023ರ ದೂರಸಂಪರ್ಕ ಕಾಯ್ದೆಯಡಿ ಮೂರು ವರ್ಷದವರೆಗೆ ಜೈಲು, ಎರಡು ಕೋಟಿ ರೂಪಾಯಿವರೆಗೆ ದಂಡ. ಪ್ರವಾಸ ಮುಗಿಸಿ ಊರಿಗೆ ಮರಳಿದ ಮೇಲೆ ವಿಷಯ ತಿಳಿದರೂ ತಡವಾಯಿತೆಂದು ಸುಮ್ಮನಾಗಬೇಡಿ. ಹುಬ್ಬಳ್ಳಿಯಲ್ಲಿದ್ದರೂ ಮಂಗಳೂರಿನಲ್ಲಿದ್ದರೂ ಹತ್ತಿರದ ಠಾಣೆಯಲ್ಲೇ ಝೀರೋ ಎಫ್‌ಐಆರ್ ಹಾಕಿಸಬಹುದು. ‘ಅಲ್ಲಿಗೇ ಹೋಗಿ ಕೊಡಿ’ ಎಂದು ಅವರು ಕಳಿಸುವಂತಿಲ್ಲ. ಕಡತ ಅಲ್ಲಿಂದ ಸಾಗರಕ್ಕೋ ಹೊಸನಗರಕ್ಕೋ ತೀರ್ಥಹಳ್ಳಿಗೋ ವರ್ಗವಾಗುತ್ತದೆ.